ಸುತ್ತಿಗೆಗಿಂತ ಮೊದಲು ಸೀಮೆಸುಣ್ಣ

ಪರದೆಯ ಮೇಲೆ ಎರಡು ಶಿಲೆಗಳ ನಡುವಿನ ಗಡಿ ಯಾವಾಗಲೂ ಒಂದು ಗೆರೆ. ಈ ಕಡೆ ಗುಲಾಬಿ ಬಣ್ಣ, ಆ ಕಡೆ ಹಸಿರು, ನಡುವೆ ಕೂದಲೆಳೆಯಂಥ ಕಪ್ಪು ಗೆರೆ. ಮರುದಿನ ಬಸ್ಸಿಳಿದು ಅದೇ ಗಡಿಯ ಹತ್ತಿರ ನಿಂತರೆ ಕಾಣುವುದು ಮೂರು ಮೀಟರ್ ಅಗಲದ ಅನುಮಾನ. ಅರ್ಧಕ್ಕೆ ಹುಲ್ಲು ಬೆಳೆದಿದೆ, ಕಾಲು ಭಾಗ ಮಣ್ಣು ಮುಚ್ಚಿದೆ, ಉಳಿದ ಕಾಲು ಭಾಗದಲ್ಲಿ ಯಾವ ಕಲ್ಲು ಯಾವುದರೊಳಗೆ ನುಗ್ಗಿದೆ ಎಂದು ಹೇಳಲು ಬರುವುದಿಲ್ಲ. ನಿನ್ನೆ ಹನ್ನೆರಡು ನಿಮಿಷ ಆ ಗಡಿಯ ಬಗ್ಗೆ ಖಚಿತವಾಗಿ ಮಾತಾಡಿದವರೇ ಇವತ್ತು ಅದರ ಮುಂದೆ ಮಂಡಿಯೂರಿ ಮಾತಿಲ್ಲದೆ ಕೂತಿರುತ್ತಾರೆ.

ಪ್ರಾದೇಶಿಕ ಭೂವಿಜ್ಞಾನ ಸಮ್ಮೇಳನಗಳ ಬಗ್ಗೆ ಯೋಚಿಸಿದಾಗಲೆಲ್ಲ ಕಣ್ಣ ಮುಂದೆ ಬರುವುದು ಹೀಗೆ ಮಾತು ನಿಂತುಹೋಗುವ ಗಳಿಗೆ. ಎರಡು ದಿನ ಸಭಾಂಗಣ, ಒಂದೋ ಎರಡೋ ದಿನ ಫೀಲ್ಡ್ ಟ್ರಿಪ್ ಅನ್ನುವುದು ಸಾಮಾನ್ಯ ಲೆಕ್ಕ. ನೋಂದಣಿ ಫಾರಂನಲ್ಲಿ ಫೀಲ್ಡ್ ಟ್ರಿಪ್ಪಿಗೆ ಬೇರೆ ಶುಲ್ಕ ಇರುತ್ತದೆ, ಬೇಕಿದ್ದವರು ಗುರುತು ಹಾಕಬೇಕು. ಹೊಸಬರು ಅದನ್ನು ಕೆಲಸ ಮುಗಿದ ಮೇಲಿನ ಪ್ರವಾಸ ಅಂದುಕೊಂಡು, ಎರಡನೆಯ ದಿನದ ಸಂಜೆಯೇ ರೈಲು ಹತ್ತಿಬಿಡುತ್ತಾರೆ. ನನಗನ್ನಿಸುವ ಮಟ್ಟಿಗೆ ಲೆಕ್ಕ ತಿರುಗುಮುರುಗಾಗಬೇಕು. ಸಭಾಂಗಣದ ಎರಡು ದಿನ ಇರುವುದು ಬಂಡೆಯ ಮುಂದೆ ಏನು ಕೇಳಬೇಕು ಎಂದು ತಯಾರಾಗುವುದಕ್ಕೆ. ಅದರಲ್ಲೂ ಬೆಂಗಳೂರು, ಮೈಸೂರು, ಧಾರವಾಡದಲ್ಲಿ ನಡೆಯುವ ಸಮ್ಮೇಳನಕ್ಕೆ ಬಂದು ಸಭಾಂಗಣದಿಂದಲೇ ವಾಪಸ್ ಹೋದರೆ ದೊಡ್ಡ ನಷ್ಟ. ಲಾಲ್‌ಬಾಗಿನ ಗುಡ್ಡದಲ್ಲಿ ಸುಮಾರು 300 ಕೋಟಿ ವರ್ಷದ ನೈಸ್ (ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಪಟ್ಟೆಪಟ್ಟೆಯಾದ ಶಿಲೆ) ಇದೆ, ರಾಮನಗರದ ಬೆಟ್ಟಗಳಲ್ಲಿ ಸುಮಾರು 250 ಕೋಟಿ ವರ್ಷದ ಕ್ಲೋಸ್‌ಪೇಟೆ ಗ್ರಾನೈಟ್ ಇದೆ, ಚಿತ್ರದುರ್ಗದ ಸುತ್ತ ಸಮುದ್ರದಡಿ ಹರಿದ ಲಾವಾ ಇದೆ. ಇವೆಲ್ಲ ಒಂದೊಂದು ದಿನದ ಬಸ್ ಪ್ರಯಾಣದೊಳಗೇ ಸಿಗುತ್ತವೆ.

ಸಭಾಂಗಣದಲ್ಲಿ ಬರೆದುಕೊಳ್ಳಬೇಕಾದದ್ದು

ಒಂದು ಉಪನ್ಯಾಸಕ್ಕೆ ಹದಿನೈದು ನಿಮಿಷ ಅಂದರೆ ಹನ್ನೆರಡು ನಿಮಿಷ ಮಾತು, ಮೂರು ನಿಮಿಷ ಪ್ರಶ್ನೆ. ಆ ಹನ್ನೆರಡು ನಿಮಿಷದಲ್ಲಿ ನಕ್ಷೆಗೆ ಒಂದು ಸ್ಲೈಡ್ ಸಿಕ್ಕರೆ, ರಾಸಾಯನಿಕ ವಿಶ್ಲೇಷಣೆಯ ಗ್ರಾಫುಗಳಿಗೆ ಹತ್ತು ಸ್ಲೈಡ್ ಹೋಗುತ್ತವೆ. ಕೇಳುವವರು ನೋಟ್‌ಬುಕ್ಕಿನ ಹಾಳೆಯನ್ನು ಉದ್ದಕ್ಕೆ ಎರಡು ಭಾಗ ಮಾಡಿಕೊಳ್ಳುವುದು ಒಳ್ಳೆಯದು. ಎಡಕ್ಕೆ ಅವರು ಕಂಡದ್ದು, ಬಲಕ್ಕೆ ಅವರು ಹೇಳಿದ್ದು. "ಜಿರ್ಕಾನಿನ ವಯಸ್ಸು 252 ಕೋಟಿ ವರ್ಷ" ಎಂಬುದು (ಜಿರ್ಕಾನ್ ಎಂದರೆ ಶಿಲೆಯ ವಯಸ್ಸು ಅಳೆಯಲು ಬಳಸುವ ಪುಟ್ಟ ಹರಳು) ಎಡಗಡೆಗೆ. "ಹಾಗಾಗಿ ಈ ಗ್ರಾನೈಟ್ 252 ಕೋಟಿ ವರ್ಷದ್ದು" ಎಂಬುದು ಬಲಗಡೆಗೆ. ಎರಡರ ನಡುವೆ ದೂರ ಬಹಳ ಇದೆ. ಆ ಜಿರ್ಕಾನ್ ಹರಳು ಇದೇ ಶಿಲಾಪಾಕದಲ್ಲಿ, ಅಂದರೆ ಕರಗಿದ ಶಿಲೆಯಲ್ಲಿ, ಹುಟ್ಟಿದ್ದಿರಬಹುದು, ಹಳೆಯ ಶಿಲೆಯೊಂದು ಕರಗುವಾಗ ಕರಗದೆ ಉಳಿದು ಬಂದದ್ದಿರಬಹುದು, ಅಥವಾ ಅಳೆದ ಬಿಂದು ಹರಳಿನ ಅಂಚಿನಲ್ಲಿ ಆಮೇಲಿನ ಶಾಖಕ್ಕೆ ಬೆಳೆದ ಪದರವಿರಬಹುದು. ಹಾಗಾಗಿ ಪ್ರಶ್ನೋತ್ತರದ ಮೂರು ನಿಮಿಷದಲ್ಲಿ ಕೇಳಬೇಕಾದ ಅತ್ಯಂತ ಉಪಯುಕ್ತ ಪ್ರಶ್ನೆ ಬಲು ಸರಳ: "ಸರ್, ಆ ಸ್ಯಾಂಪಲ್ ಎಲ್ಲಿಂದ ತೆಗೆದಿರಿ, ಅದರ ಅಕ್ಕಪಕ್ಕ ಏನಿತ್ತು?" ಉತ್ತರದಲ್ಲಿ ಊರಿನ ಹೆಸರು, ಕ್ವಾರಿ, ಎತ್ತರ, ಪಕ್ಕದ ಶಿಲೆ ಎಲ್ಲವೂ ತಡವರಿಸದೆ ಬಂದರೆ ಆ ಅಂಕಿಯನ್ನು ನಂಬಿ ಮುಂದಕ್ಕೆ ಹೋಗಬಹುದು. ಪೋಸ್ಟರುಗಳ ಮುಂದೆ ಈ ಪ್ರಶ್ನೆಗೆ ಇನ್ನೂ ಒಳ್ಳೆಯ ಉತ್ತರ ಸಿಗುತ್ತದೆ. ಅಲ್ಲಿ ಗಡಿಯಾರ ಇರುವುದಿಲ್ಲ, ನಕ್ಷೆ ದೊಡ್ಡದಾಗಿ ಕಣ್ಣ ಮುಂದೆಯೇ ಇರುತ್ತದೆ, ಬೆರಳಿಟ್ಟು ತೋರಿಸಿ ಕೇಳಬಹುದು.

ಹಿಂದಿನ ರಾತ್ರಿ

ಗೈಡ್‌ಬುಕ್ಕನ್ನು ಬಸ್ಸಿನಲ್ಲಿ ಓದುತ್ತೇನೆ ಅಂದುಕೊಂಡವರು ಓದುವುದಿಲ್ಲ. ಬೆಳಿಗ್ಗೆ ಆರೂವರೆಗೆ ಹೊರಟ ಬಸ್ಸಿನಲ್ಲಿ ಅರ್ಧ ಜನ ನಿದ್ದೆಯಲ್ಲಿರುತ್ತಾರೆ, ಇನ್ನರ್ಧ ಜನ ಹಳೆಯ ಸ್ನೇಹಿತರ ಜೊತೆ ಮಾತಿನಲ್ಲಿ. ಹಿಂದಿನ ರಾತ್ರಿ ಅರ್ಧ ಗಂಟೆ ಕೂತು ಪ್ರತಿ ಸ್ಟಾಪಿಗೂ ಒಂದೇ ಒಂದು ಪ್ರಶ್ನೆ ಬರೆದುಕೊಂಡರೆ ಸಾಕು. ಗೈಡ್‌ಬುಕ್ಕಿನ ಅಕ್ಷಾಂಶ ರೇಖಾಂಶಗಳನ್ನು ಮೊಬೈಲಿನ ನಕ್ಷೆಗೆ ಹಾಕಿಕೊಂಡು, ಇಂಟರ್ನೆಟ್ ಇಲ್ಲದಿದ್ದರೂ ತೆರೆಯುವಂತೆ ಉಳಿಸಿಕೊಳ್ಳಿ. ಇಲ್ಲೊಂದು ಎಡವಟ್ಟು ಇದೆ. ಹಳೆಯ ಟೋಪೋಶೀಟುಗಳು (ಸರ್ವೆ ಇಲಾಖೆಯ ನಕ್ಷೆಗಳು) ಭೂಮಿಯ ಆಕಾರಕ್ಕೆ ಎವರೆಸ್ಟ್ ಗೋಲಾಭ ಎಂಬ ಹಳೆಯ ಲೆಕ್ಕವನ್ನು ಆಧಾರವಾಗಿಟ್ಟುಕೊಂಡವು, ಜಿಪಿಎಸ್ ತೋರಿಸುವುದು ಡಬ್ಲ್ಯುಜಿಎಸ್84 ಎಂಬ ಹೊಸ ಲೆಕ್ಕ. ನಮ್ಮ ಭಾಗದಲ್ಲಿ ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಾಗೆಯೇ ಹಾಕಿದರೆ ಜಾಗ ನೂರು ಮೀಟರಿಗೂ ಹೆಚ್ಚು ಪಕ್ಕಕ್ಕೆ ಸರಿಯುತ್ತದೆ. ಊರು ಹುಡುಕುವುದಕ್ಕೆ ಇದು ಲೆಕ್ಕಕ್ಕಿಲ್ಲ. ಹತ್ತು ಮೀಟರ್ ಅಗಲದ ಡೈಕ್ (ಬಿರುಕಿಗೆ ನುಗ್ಗಿ ಗಟ್ಟಿಯಾದ ಶಿಲೆಯ ಗೋಡೆ) ಹುಡುಕುವಾಗ ಮಾತ್ರ ಇಡೀ ಮಧ್ಯಾಹ್ನ ಪಕ್ಕದ ಹೊಲದಲ್ಲೇ ಕಳೆದುಹೋಗುತ್ತದೆ. ಹಳೆಯ ವರದಿಯ ಬಿಂದುವನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವಾಗಲೇ ಅದು ಯಾವ ಲೆಕ್ಕದ್ದು ಎಂದು ಪಕ್ಕದಲ್ಲಿ ಬರೆಯಬೇಕು.

ಚೀಲಕ್ಕೆ ಏನೇನು ಬೇಕು ಎಂದು ಪಟ್ಟಿ ಕೊಡುವವರು ಸುತ್ತಿಗೆಯಿಂದ ಶುರುಮಾಡುತ್ತಾರೆ. ನಾನು ನೀರಿನಿಂದ ಶುರುಮಾಡುತ್ತೇನೆ. ಕುಡಿಯುವುದಕ್ಕೆ ಎರಡು ಲೀಟರ್, ಬಂಡೆಗೆ ಅರ್ಧ ಲೀಟರ್. ಮುಚ್ಚಳಕ್ಕೆ ತೂತು ಮಾಡಿದ ಹಳೆಯ ಬಾಟಲಿಯಾದರೆ ಸಾಕು. ಒಣ ನೈಸ್ ಬಂಡೆ ದೂರದಿಂದ ಒಂದೇ ಬೂದು ಬಣ್ಣ. ಅದರ ಮೇಲೆ ನಾಲ್ಕು ಹನಿ ಚಿಮುಕಿಸಿದರೆ ಬಿಳಿ ಪಟ್ಟೆ, ಕಪ್ಪು ಪಟ್ಟೆ, ನಡುವೆ ಮಡಿಚಿಕೊಂಡ ಸಣ್ಣ ಸುಕ್ಕು, ಎಲ್ಲ ಒಮ್ಮೆಲೇ ಎದ್ದು ಕಾಣುತ್ತವೆ. ಎರಡನೆಯದು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್. ಅದನ್ನು ಕಲ್ಲಿನ ಮೇಲಿಟ್ಟು ದೂರದಿಂದ ಇಣುಕುವುದು ಹೊಸಬರು ಮಾಡುವ ತಪ್ಪು. ಲೆನ್ಸನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಕಲ್ಲನ್ನೇ ಎರಡೂವರೆ ಸೆಂಟಿಮೀಟರ್ ದೂರಕ್ಕೆ ತರಬೇಕು. ಬೆಳಕು ಹೆಗಲ ಹಿಂದಿನಿಂದ ಬರುತ್ತಿರಬೇಕು, ಟೋಪಿಯ ಅಂಚು ಅಡ್ಡ ಬರಬಾರದು. ಮೂರನೆಯದು ಹತ್ತು ಸೆಂಟಿಮೀಟರಿನ ಅಳತೆಪಟ್ಟಿ, ಫೋಟೋಗೆ. ಎಷ್ಟೋ ಜನ ಒಂದು ರೂಪಾಯಿ ನಾಣ್ಯ ಇಟ್ಟು ತೆಗೆಯುತ್ತಾರೆ. ಆದರೆ 2011ರ ನಂತರದ ನಾಣ್ಯಕ್ಕೂ ಅದಕ್ಕೆ ಮೊದಲಿನದಕ್ಕೂ ಅಗಲದಲ್ಲಿ ಸುಮಾರು ಮೂರು ಮಿಲಿಮೀಟರ್ ವ್ಯತ್ಯಾಸವಿದೆ. ಇಪ್ಪತ್ತು ವರ್ಷ ಬಿಟ್ಟು ಆ ಫೋಟೋ ನೋಡುವವರಿಗೆ ಅದು ಯಾವ ನಾಣ್ಯ ಎಂದು ಹೇಗೆ ಗೊತ್ತಾಗಬೇಕು? ನಾಲ್ಕನೆಯದು ಎರಡು ಬಣ್ಣದ ಸೀಮೆಸುಣ್ಣ. ಅದರ ಕೆಲಸ ಕೊನೆಯಲ್ಲಿ ಬರುತ್ತದೆ.

ಮರಡಿಹಳ್ಳಿಯಲ್ಲಿ 'ಮೇಲೆ' ಯಾವ ಕಡೆ

ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೋಗುವಾಗ ಐಮಂಗಲದ ಹತ್ತಿರ ಮರಡಿಹಳ್ಳಿ ಸಿಗುತ್ತದೆ. ಅಲ್ಲಿನ ದಿಂಬು ಲಾವಾವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಸುತ್ತಿಗೆ ಬಸ್ಸಿನಲ್ಲೇ ಇರಬೇಕಾದ ಜಾಗ.

ದಿಂಬು ಲಾವಾ ಹೇಗಾಗುತ್ತದೆ ಎಂಬುದಕ್ಕೆ ದಿಂಬಿಗಿಂತ ಮಂಡಿಯಲ್ಲಿ ಪೇರಿಸಿದ ಗೋಣಿಚೀಲಗಳೇ ಒಳ್ಳೆಯ ಹೋಲಿಕೆ. ಸಾವಿರ ಡಿಗ್ರಿಗೂ ಮೀರಿದ ಬಸಾಲ್ಟ್ ಪಾಕ ನೀರಿನಡಿ ಉಕ್ಕಿದಾಗ ಹೊರಮೈ ತಕ್ಷಣ ಗಾಜಿನಂತೆ ಬಿಗಿಯುತ್ತದೆ, ಒಳಗೆ ಇನ್ನೂ ಮೆತ್ತಗಿರುತ್ತದೆ. ಆ ತೊಗಲು ಬಿರಿದು ಇನ್ನೊಂದು ಚೀಲ ಹೊರಬೀಳುತ್ತದೆ, ಮೊದಲೇ ಬಿದ್ದ ಎರಡು ಚೀಲಗಳ ನಡುವಿನ ಸಂದಿಗೆ ಜೋತುಬಿದ್ದು ಕೂರುತ್ತದೆ. ಹಾಗಾಗಿ ಪ್ರತಿ ದಿಂಬಿಗೂ ಮೇಲ್ಭಾಗ ದುಂಡು, ಕೆಳಭಾಗದಲ್ಲಿ ಸಂದಿಗೆ ಇಳಿದ ಬಾಲ. ಅಂಚಿನಲ್ಲಿ ಒಂದೆರಡು ಸೆಂಟಿಮೀಟರಿನ ನುಣುಪಾದ, ಕಡುಬಣ್ಣದ ಪಟ್ಟಿ ಇರುತ್ತದೆ. ಬೇಗ ತಣಿದ ತೊಗಲು ಅದು. ಅನಿಲದ ಗುಳ್ಳೆಗಳ ಗುರುತು ಉಳಿದಿದ್ದರೆ ಹೆಚ್ಚಾಗಿ ಮೇಲಂಚಿನ ಕಡೆಗೆ ಸೇರಿಕೊಂಡಿರುತ್ತವೆ.

ಇಷ್ಟು ಗೊತ್ತಿದ್ದವರಿಗೂ ಚಿತ್ರದುರ್ಗದ ಪಟ್ಟಿಯಲ್ಲಿ, ಅಂದರೆ ಇಂಥ ಹಳೆಯ ಲಾವಾ ಶಿಲೆಗಳು ಉದ್ದಕ್ಕೆ ಹಬ್ಬಿರುವ ನೆಲದಲ್ಲಿ, ಗೊಂದಲವಾಗುವುದಕ್ಕೆ ಕಾರಣ, ಅಲ್ಲಿನ ಪದರಗಳೆಲ್ಲ ಕಡಿದಾಗಿ ಎದ್ದು ನಿಂತಿರುವುದು. 250 ಕೋಟಿ ವರ್ಷಕ್ಕೂ ಹಿಂದೆ 'ಮೇಲೆ' ಆಗಿದ್ದದ್ದು ಇವತ್ತು ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ಮಾಡಿರುತ್ತದೆ. ಅದು ಯಾವ ಕಡೆ ಎಂದು ಗೊತ್ತಾದರೆ ಯಾವ ಪದರ ಹಳೆಯದು, ಯಾವುದು ಹೊಸದು, ಎಲ್ಲಿ ಇಡೀ ಸರಣಿ ಮಡಿಚಿಕೊಂಡು ತಲೆಕೆಳಗಾಗಿದೆ ಎಂಬುದೆಲ್ಲ ಬಿಚ್ಚಿಕೊಳ್ಳುತ್ತದೆ. ಇಡೀ ತಾಲ್ಲೂಕಿನ ನಕ್ಷೆ ಆ ಒಂದು ಬಾಲದ ಮೇಲೆ ನಿಂತಿದೆ ಅಂದರೂ ತಪ್ಪಿಲ್ಲ.

ತೊಂದರೆ ಏನೆಂದರೆ, ಆಮೇಲಿನ ಒತ್ತಡಕ್ಕೆ ದಿಂಬುಗಳು ಚಪ್ಪಟೆಯಾಗಿವೆ. ಚಪ್ಪಟೆಯಾದ ದಿಂಬಿನ ಎರಡೂ ತುದಿ ಚೂಪಾಗುತ್ತವೆ, ಎರಡೂ ಬಾಲದಂತೆಯೇ ಕಾಣುತ್ತವೆ. ಟ್ರಿಪ್ ನಡೆಸುವ ಹಿರಿಯರು "ನೋಡಿ, ಬಾಲ ಈ ಕಡೆ ಇದೆ" ಎಂದು ಕೈ ತೋರಿಸಿದ ಕೂಡಲೇ ನಲವತ್ತು ಜನಕ್ಕೂ ಬಾಲ ಆ ಕಡೆಯೇ ಕಾಣಲು ಶುರುವಾಗುತ್ತದೆ. ಒಳ್ಳೆಯ ಲೀಡರ್ ಏನೂ ಹೇಳುವುದಿಲ್ಲ. ಮೊದಲ ಐದು ನಿಮಿಷ ಯಾರೂ ಬಂಡೆಯ ಮೇಲೆ ಹತ್ತುವಂತಿಲ್ಲ, ಮಾತಾಡುವಂತಿಲ್ಲ. ದೂರದಿಂದ ಇಡೀ ಬಂಡೆಯನ್ನು ನೋಡಿ ನೋಟ್‌ಬುಕ್ಕಿನಲ್ಲಿ ಒಂದು ಚಿತ್ರ ಬರೆಯಬೇಕು, ಎಷ್ಟು ಕೆಟ್ಟದಾಗಿ ಬಂದರೂ ಪರವಾಗಿಲ್ಲ. ಆಮೇಲೆ ಒಬ್ಬೊಬ್ಬರೂ ತಮಗೆ ಬೇಕಾದ ಐದು ದಿಂಬು ಆರಿಸಿಕೊಂಡು ಪ್ರತಿಯೊಂದರ ಬಾಲದ ದಿಕ್ಕನ್ನು ಬರೆಯಬೇಕು. ಸರಿಯಾಗಿ ಕಾಣದಿದ್ದರೆ 'ಗೊತ್ತಾಗಲಿಲ್ಲ' ಎಂದೇ ಬರೆಯಬೇಕು. ಅದಕ್ಕೂ ಎಣಿಕೆಯಲ್ಲಿ ಜಾಗವಿದೆ. ನಂತರ ಎಲ್ಲರ ಎಣಿಕೆಯನ್ನೂ ಸೇರಿಸಬೇಕು. ಮುಕ್ಕಾಲು ಪಾಲು ಒಂದೇ ಕಡೆಗೆ ಬಂದರೆ ಮಾತು ಮುಂದುವರಿಯಬಹುದು. ಅರ್ಧಕ್ಕರ್ಧ ಬಂದರೆ ಈ ಬಂಡೆ ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ ಎಂದು ಒಪ್ಪಿಕೊಂಡು ಮುಂದಿನ ಸ್ಟಾಪಿಗೆ ಹೋಗಬೇಕು. ಒಂದೇ ದಿಂಬನ್ನು ನೋಡಿ ತೀರ್ಮಾನಿಸಿದ್ದು ಯಾವತ್ತೂ ನಿಲ್ಲುವುದಿಲ್ಲ.

ಇಂಥ ಕಡೆಗಳಲ್ಲಿ ಅಕ್ಕಪಕ್ಕದ ಹೊಲದವರು ಬಂದು ನಿಲ್ಲುತ್ತಾರೆ. "ಏನ್ ಸಾರ್, ಚಿನ್ನ ಐತಾ ಇದ್ರಾಗೆ?" ಎಂದು ಕೇಳುತ್ತಾರೆ. ಇದನ್ನು ನಕ್ಕು ತಳ್ಳಿಹಾಕುವುದು ಸರಿಯಲ್ಲ. ಹಟ್ಟಿಯಲ್ಲಿ, ಗದಗದ ಕಪ್ಪತಗುಡ್ಡದ ಸುತ್ತಮುತ್ತ ಚಿನ್ನ ಸಿಕ್ಕಿದ್ದು ಇಂಥವೇ ಪಟ್ಟಿಗಳಲ್ಲಿ, ಕೇಳುವುದರಲ್ಲಿ ಅರ್ಥವಿದೆ. ಐದು ನಿಮಿಷ ನಿಂತು, ಇದು ನೀರಿನಡಿ ಹರಿದ ಬೆಂಕಿಯ ಕಲ್ಲು, ಇದರಲ್ಲಿ ಚಿನ್ನ ಇಲ್ಲ, ಇದನ್ನು ಒಡೆಯದೆ ಉಳಿಸಿದರೆ ದೂರದವರೆಲ್ಲ ನಿಮ್ಮೂರಿಗೆ ನೋಡಲು ಬರುತ್ತಾರೆ ಎಂದು ಹೇಳಬೇಕು. ಅವರಿಂದ ಕಲಿಯುವುದೂ ಇದೆ. ಬೆಣಚುಕಲ್ಲು, ಕಾಗೆಬಂಗಾರ, ಬಳಪದ ಕಲ್ಲು, ಕಾಡುಗಲ್ಲು ಎಂದು ಅವರು ಕರೆಯುವುದು ನೋಡಿ ಮುಟ್ಟಿ ಬಳಸಿ ಇಟ್ಟ ಹೆಸರು. ಬಳಪದ ಕಲ್ಲು ಎಲ್ಲಿದೆ ಎಂದು ಊರಿನವರನ್ನು ಕೇಳಿದರೆ, ನಕ್ಷೆಯಲ್ಲಿ ಇಲ್ಲದ ಟಾಲ್ಕ್ ಶಿಸ್ಟಿನ ಸಣ್ಣ ತುಣುಕನ್ನೂ ನೇರವಾಗಿ ಕರೆದುಕೊಂಡು ಹೋಗಿ ತೋರಿಸುತ್ತಾರೆ. ಬಂಡೆ ಇರುವುದು ಯಾರದೋ ಶೇಂಗಾ ಹೊಲದ ಬದುವಿನಲ್ಲಿ ಎಂಬುದನ್ನೂ ಮರೆಯಬಾರದು. ಹೊಲದ ಯಜಮಾನರಿಗೆ ಹಿಂದಿನ ವಾರವೇ ಹೇಳಿರಬೇಕು, ಸಾಲಿನಲ್ಲಿ ಬದುವಿನ ಮೇಲೇ ನಡೆಯಬೇಕು.

ದಿಕ್ಸೂಚಿ ಸುಳ್ಳು ಹೇಳುವ ಜಾಗ

ಚಿತ್ರದುರ್ಗ, ಬಾಬಾಬುಡನ್, ಸಂಡೂರಿನ ಕಬ್ಬಿಣದ ಪಟ್ಟೆಶಿಲೆಯ ಗುಡ್ಡಗಳಲ್ಲಿ ಸ್ಟ್ರೈಕ್ (ಪದರ ಹಾಸಿ ಹೋಗುವ ದಿಕ್ಕು) ಅಳೆಯುವಾಗ ಒಬ್ಬರಿಗೆ ಬಂದ ಅಂಕಿ ಇನ್ನೊಬ್ಬರಿಗೆ ಬರುವುದಿಲ್ಲ. ಅಳೆಯುವವರ ತಪ್ಪಲ್ಲ ಅದು, ಬಂಡೆಯಲ್ಲಿರುವ ಮ್ಯಾಗ್ನೆಟೈಟ್ ಮುಳ್ಳನ್ನು ತನ್ನ ಕಡೆಗೆ ಎಳೆಯುತ್ತದೆ. ಪತ್ತೆಹಚ್ಚುವ ವಿಧಾನ ಹಳೆಯ ಸರ್ವೆಯವರದು. ಎ ಜಾಗದಿಂದ ಬಿ ಜಾಗಕ್ಕೆ ದಿಕ್ಕು ನೋಡಿ, ಬಿ ಜಾಗಕ್ಕೆ ಹೋಗಿ ವಾಪಸ್ ಎ ಕಡೆಗೆ ನೋಡಿ. ಎರಡರ ನಡುವೆ 180 ಡಿಗ್ರಿ ಇರಬೇಕು. 165ಕ್ಕೋ 190ಕ್ಕೋ ಬಂದರೆ ಎರಡರಲ್ಲಿ ಒಂದು ಕಡೆಯಾದರೂ ಕಲ್ಲು ಮುಳ್ಳನ್ನು ಎಳೆಯುತ್ತಿದೆ. ಆಗ ದೂರದ ಗುಡಿಯ ಗೋಪುರವನ್ನೋ ಟವರನ್ನೋ ಗುರಿಯಾಗಿಟ್ಟುಕೊಂಡು, ನಕ್ಷೆಯಲ್ಲಿ ಅದರ ದಿಕ್ಕು ಅಳೆದು, ಬಂಡೆಯ ದಿಕ್ಕನ್ನು ಅದಕ್ಕೆ ಹೋಲಿಸಿ ಲೆಕ್ಕ ಹಾಕಬೇಕು. ಮೊಬೈಲಿನ ದಿಕ್ಸೂಚಿಗೆ ಈ ರೋಗ ಇನ್ನೂ ಹೆಚ್ಚು. ಅಯಸ್ಕಾಂತದ ಮುಚ್ಚಳ ಇರುವ ಕವರಿನಲ್ಲಿ ಮೊಬೈಲ್ ಇಟ್ಟವರು ಮಾಮೂಲಿ ಗ್ರಾನೈಟಿನ ಮೇಲೂ ತಪ್ಪು ಅಂಕಿ ಬರೆದುಕೊಂಡು ಬರುತ್ತಾರೆ. ಸೊಂಟಕ್ಕೆ ನೇತುಹಾಕಿದ ಸುತ್ತಿಗೆಯನ್ನು ಒಂದು ಮೀಟರ್ ದೂರ ಇಟ್ಟು ಅಳೆಯುವುದು ಅಭ್ಯಾಸವಾಗಬೇಕು. ಕಾಂತೀಯ ಉತ್ತರಕ್ಕೂ ನಿಜ ಉತ್ತರಕ್ಕೂ ನಮ್ಮಲ್ಲಿರುವ ವ್ಯತ್ಯಾಸ ಎರಡು ಡಿಗ್ರಿಗಿಂತ ಕಡಿಮೆ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳುವಷ್ಟು ಹೊತ್ತನ್ನು ಸುತ್ತಿಗೆ ದೂರ ಇಡುವುದಕ್ಕೆ ಬಳಸಿದರೆ ಒಳ್ಳೆಯದು.

ಇನ್ನು ಅಪಾಯದ ಮಾತು. ನಮ್ಮ ಬಂಡೆಗಳಲ್ಲಿ ಹಾವಿಗಿಂತ ಹೆಚ್ಚು ಹೆದರಬೇಕಾದದ್ದು ಹೆಜ್ಜೇನಿಗೆ. ಕಡಿದಾದ ಬಂಡೆಯ ನೆತ್ತಿಯಲ್ಲಿ ಕಪ್ಪು ಹಲಗೆಗಳಂತೆ ನೇತಾಡುವ ಹುಟ್ಟುಗಳನ್ನು ಬಸ್ಸಿಳಿದ ತಕ್ಷಣ ಕಣ್ಣಾಡಿಸಿ ಹುಡುಕಬೇಕು. ಕಂಡರೆ ಅದರ ಕೆಳಗೆ ಸುತ್ತಿಗೆಯ ಸದ್ದು, ಬೀಡಿ ಸಿಗರೇಟಿನ ಹೊಗೆ, ಅತ್ತರು, ಡ್ರೋನ್ ಯಾವುದೂ ಬೇಡ. ಕ್ವಾರಿಯಲ್ಲಿ ಗೋಡೆ ಎಷ್ಟು ಎತ್ತರವಿದೆಯೋ ಕನಿಷ್ಠ ಅಷ್ಟು ದೂರದಲ್ಲಿ ನಿಲ್ಲಬೇಕು. ಗೋಡೆಯ ಬುಡದಲ್ಲೇ ಶಿಲೆ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಬುಡದಲ್ಲಿ ಬಿದ್ದಿರುವ ಹೊಸ ಚಕ್ಕೆಗಳು ಎಲ್ಲಿಂದ ಬಿದ್ದವು ಎಂದು ಒಮ್ಮೆ ತಲೆಯೆತ್ತಿ ನೋಡಿದವರು ಅಲ್ಲಿಗೆ ಹೋಗುವುದಿಲ್ಲ.

ಕಬ್ಬಾಳದುರ್ಗ, ಎರಡು ಬಣ್ಣದ ಗೆರೆ

ಬೆಂಗಳೂರಿನಿಂದ ಕನಕಪುರ, ಸಾತನೂರು ದಾಟಿ ಕಬ್ಬಾಳು. ಬೆಟ್ಟದ ದೇವಿಯ ಹೆಸರಿಗೆ ಇಡೀ ನಾಡಿಗೆ ಗೊತ್ತಿರುವ ಈ ಊರು, ಕ್ವಾರಿಯೊಂದರ ಹೆಸರಿನಿಂದ ಜಗತ್ತಿನ ಶಿಲಾವಿಜ್ಞಾನಿಗಳಿಗೆಲ್ಲ ಗೊತ್ತಿದೆ.

ಭೂವಿಜ್ಞಾನಿ ಥಾಮಸ್ ಹಾಲೆಂಡ್ 1893ರಲ್ಲಿ ಒಂದು ಶಿಲೆಗೆ ಚಾರ್ನಕೈಟ್ ಎಂಬ ಹೆಸರಿಟ್ಟರು. ಕಲ್ಕತ್ತೆಯಲ್ಲಿರುವ, ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಜಾಬ್ ಚಾರ್ನಕ್‌ನ ಸಮಾಧಿಯ ಕಲ್ಲು ಆ ಶಿಲೆಯದು ಎಂಬ ಕಾರಣಕ್ಕೆ. ಮದರಾಸಿನ ಸೇಂಟ್ ಥಾಮಸ್ ಬೆಟ್ಟದಲ್ಲಿ ಸಿಗುವ ಆ ಕಡುಬಣ್ಣದ ಶಿಲೆ ನೇರವಾಗಿ ಶಿಲಾಪಾಕದಿಂದ ಹೆಪ್ಪುಗಟ್ಟಿದ್ದು ಎಂದು ಅವರು ತಿಳಿದಿದ್ದರು. 1960ರಲ್ಲಿ ಭೂವಿಜ್ಞಾನಿ ಸಿ.ಎಸ್. ಪಿಚ್ಚಮುತ್ತು ಅವರು ಕಬ್ಬಾಳದುರ್ಗದಲ್ಲಿ ಬೇರೆಯದನ್ನೇ ತೋರಿಸಿದರು. ಬೂದು ಬಣ್ಣದ ಪಟ್ಟೆ ನೈಸ್ ಇದ್ದಲ್ಲಿಯೇ, ಘನವಾಗಿದ್ದಂತೆಯೇ ಅಲ್ಲಲ್ಲಿ ಚಾರ್ನಕೈಟ್ ಆಗಿ ಬದಲಾಗುತ್ತಿದ್ದದ್ದು ಅರ್ಧಕ್ಕೆ ನಿಂತುಹೋದಂತೆ ಅಲ್ಲಿ ಉಳಿದಿದೆ. ಒಂದು ಪೂರ್ಣ ಬದಲಾದ ಶಿಲೆಯಿಂದ ಬದಲಾವಣೆಯ ಕಥೆ ತಿಳಿಯುವುದು ಕಷ್ಟ. ಅರ್ಧ ಬದಲಾದದ್ದು ಸಿಕ್ಕರೆ ಮೊದಲೂ ಆಮೇಲೂ ಪಕ್ಕಪಕ್ಕದಲ್ಲೇ ಇರುತ್ತವೆ. ಕಬ್ಬಾಳಿನ ಬೆಲೆ ಇರುವುದು ಅದರಲ್ಲಿ.

ಹತ್ತಿರ ಹೋಗಿ ನೋಡೋಣ. ಬೂದು ನೈಸಿನಲ್ಲಿ ಬಿಳಿ ಕಪ್ಪು ಪಟ್ಟೆಗಳು ಸಾಲಾಗಿ ಓಡುತ್ತಿವೆ. ಒಂದೆಡೆ ಆ ಪಟ್ಟೆಗಳು ಮಂಕಾಗುತ್ತವೆ, ಬರೆದ ಶಾಯಿಯ ಮೇಲೆ ಒದ್ದೆ ಬೆರಳು ಎಳೆದಂತೆ. ಇನ್ನೊಂದು ಗೇಣು ಹೋದರೆ ಪಟ್ಟೆಯೇ ಇಲ್ಲ. ದಪ್ಪ ಹರಳಿನ, ಹಸಿರು ಮಿಶ್ರಿತ ಕಂದು ಬಣ್ಣದ, ಎಣ್ಣೆ ಸವರಿದಂತೆ ಜಿಡ್ಡುಜಿಡ್ಡಾಗಿ ಕಾಣುವ ಕಲ್ಲು. ಆ ತೇಪೆಯ ಆಚೆ ಬದಿಯಲ್ಲಿ ಅದೇ ಪಟ್ಟೆಗಳು ಮತ್ತೆ ಕಾಣಿಸಿಕೊಂಡು ಮುಂದುವರಿಯುತ್ತವೆ. ಪಟ್ಟೆಗಳನ್ನು ತಳ್ಳದೆ, ಬಾಗಿಸದೆ ಅವುಗಳನ್ನು ಅಳಿಸಿರುವುದರಿಂದಲೇ ಇದು ಹೊರಗಿನಿಂದ ನುಗ್ಗಿದ ಪಾಕವಲ್ಲ ಎಂದು ಗೊತ್ತಾಗುವುದು.

ಒಳಗೆ ನಡೆದದ್ದು ಇಷ್ಟು. ನೈಸಿನಲ್ಲಿರುವ ಬಯೋಟೈಟ್, ಹಾರ್ನ್‌ಬ್ಲೆಂಡ್ ಎಂಬ ಕಪ್ಪು ಖನಿಜಗಳ ಹರಳಿನ ರಚನೆಯಲ್ಲೇ ನೀರಿನ ಅಂಶ ಸೇರಿಕೊಂಡಿದೆ. ಅವು ಬೆಣಚಿನ ಜೊತೆ ವರ್ತಿಸಿ ನೀರಿಲ್ಲದ ಖನಿಜಗಳಾದ ಹೈಪರ್ಸ್ತೀನ್ ಮತ್ತು ಫೆಲ್ಡ್‌ಸ್ಪಾರ್ ಆಗುತ್ತವೆ, ನೀರು ಹೊರಬೀಳುತ್ತದೆ. ನೆಲದೊಳಗೆ ಸುಮಾರು 20 ಕಿಲೋಮೀಟರ್ ಆಳ, 700ರಿಂದ 750 ಡಿಗ್ರಿ ಶಾಖ. ಆ ಆಳದಲ್ಲಿ ಶಾಖ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಹಾಗಿದ್ದ ಮೇಲೆ ಇಲ್ಲಿ ಬದಲಾಗಿ ಒಂದು ಮೀಟರ್ ಆಚೆ ಬದಲಾಗದೆ ಉಳಿದದ್ದು ಯಾಕೆ? ಆ ಜಾಗಕ್ಕೆ ಮಾತ್ರ ಕಾರ್ಬನ್ ಡೈಆಕ್ಸೈಡ್ ತುಂಬಿದ ದ್ರವ ಬಂದು ನೀರಿನ ಅಂಶವನ್ನು ತೆಳುವಾಗಿಸಿತು, ಹಾಗಾಗಿ ಅದೇ ಶಾಖದಲ್ಲಿ ಅಲ್ಲಿ ಮಾತ್ರ ಕ್ರಿಯೆ ಮುಂದಕ್ಕೆ ಹೋಯಿತು ಎಂಬುದು ಒಂದು ವಾದ. ಮೈಸೂರು ವಿಶ್ವವಿದ್ಯಾಲಯದ ಎ.ಎಸ್. ಜನಾರ್ದನ್, ಅಮೆರಿಕದ ನ್ಯೂಟನ್ ಮತ್ತು ಹ್ಯಾನ್ಸನ್ ಜೊತೆಗೂಡಿ 1982ರಲ್ಲಿ ದಕ್ಷಿಣ ಕರ್ನಾಟಕ ಮತ್ತು ಉತ್ತರ ತಮಿಳುನಾಡಿನ ಶಿಲೆಗಳ ಮೇಲೆ ಇದನ್ನು ವಿವರವಾಗಿ ಮಂಡಿಸಿದರು. ಬೆಣಚಿನ ಹರಳುಗಳೊಳಗೆ ಸಿಕ್ಕಿಬಿದ್ದ ಕಾರ್ಬನ್ ಡೈಆಕ್ಸೈಡಿನ ಸೂಕ್ಷ್ಮ ಗುಳ್ಳೆಗಳು ಇದಕ್ಕೆ ಸಾಕ್ಷಿ. ಆ ಗುಳ್ಳೆಗಳು ಆಮೇಲೆ ಸೇರಿಕೊಂಡಿರಬಹುದಲ್ಲ ಎಂಬುದು ಎದುರು ವಾದ. ಆ ದ್ರವ ಕಾರ್ಬನ್ ಡೈಆಕ್ಸೈಡನ್ನಷ್ಟೇ ತಂದಿತೋ, ಪೊಟ್ಯಾಸಿಯಂನಂಥ ಧಾತುಗಳನ್ನೂ ತಂದಿತೋ ಎಂಬುದು ಇನ್ನೊಂದು ಜಗಳ.

ಈ ಜಗಳ ಸಭಾಂಗಣದಲ್ಲಿ ನಡೆದರೆ ಗ್ರಾಫಿಗೆ ಗ್ರಾಫ್ ಉತ್ತರವಾಗುತ್ತದೆ. ಕ್ವಾರಿಯಲ್ಲಿ ಅದನ್ನು ಸೀಮೆಸುಣ್ಣದಿಂದ ನಡೆಸಬಹುದು. ಒಬ್ಬರಿಗೆ ಬಿಳಿ ಚಾಕ್‌ಪೀಸ್ ಕೊಟ್ಟು, ಪಟ್ಟೆಗಳು ಮಂಕಾಗಲು ಶುರುವಾಗುವ ಜಾಗವನ್ನು ಗುರುತಿಸುತ್ತ ತೇಪೆಯ ಸುತ್ತ ಗೆರೆ ಎಳೆಯಲು ಹೇಳಬೇಕು. ಇನ್ನೊಬ್ಬರಿಗೆ ಹಳದಿ ಚಾಕ್‌ಪೀಸ್ ಮತ್ತು ಲೆನ್ಸ್. ಅವರು ಬಣ್ಣ ನೋಡುವಂತಿಲ್ಲ, ಹೈಪರ್ಸ್ತೀನ್ ಹರಳು ಮೊದಲು ಸಿಕ್ಕ ಜಾಗಗಳನ್ನಷ್ಟೇ ಸೇರಿಸಿ ಗೆರೆ ಎಳೆಯಬೇಕು. ಹಾರ್ನ್‌ಬ್ಲೆಂಡ್ ಕಪ್ಪಗೆ ಥಳಥಳಿಸುತ್ತದೆ, ಅದರ ಎರಡು ಸೀಳುಮೈಗಳ (ಹರಳು ಸಲೀಸಾಗಿ ಒಡೆಯುವ ಚಪ್ಪಟೆ ಮೈಗಳ) ನಡುವಿನ ಕೋನ 56 ಮತ್ತು 124 ಡಿಗ್ರಿ. ಹೈಪರ್ಸ್ತೀನ್ ಕಂಚಿನ ಛಾಯೆಯ ಕಂದು, ಅದರ ಸೀಳುಮೈಗಳು ಹೆಚ್ಚುಕಡಿಮೆ ಲಂಬವಾಗಿ ಸೇರುತ್ತವೆ. ಲೆನ್ಸಿನಲ್ಲಿ ಮೆಟ್ಟಿಲಿನಂತೆ ಕಂಡರೆ ಹೈಪರ್ಸ್ತೀನ್, ಓರೆಯಾಗಿ ಚೂಪಾಗಿ ಕಂಡರೆ ಹಾರ್ನ್‌ಬ್ಲೆಂಡ್. ನಿಧಾನದ ಕೆಲಸ. ಒಂದು ಮೀಟರ್ ತೇಪೆಗೆ ಇಪ್ಪತ್ತು ನಿಮಿಷ ಹಿಡಿಯುತ್ತದೆ.

ಎರಡೂ ಗೆರೆ ಮುಗಿದ ಮೇಲೆ ಎಲ್ಲರೂ ಹಿಂದೆ ಸರಿದು ನೋಡಿದರೆ, ಅವು ಒಂದರ ಮೇಲೊಂದು ಕೂರುವುದಿಲ್ಲ. ಕೆಲವೆಡೆ ಬೆರಳಗಲ ಅಂತರ, ಕೆಲವೆಡೆ ಅಂಗೈಯಗಲ. ಪರದೆಯ ಮೇಲೆ ಒಂದೇ ಆಗಿದ್ದ ಗೆರೆ ಇಲ್ಲಿ ಎರಡಾಗಿದೆ, ನಡುವಿನ ಆ ಪಟ್ಟಿಯಲ್ಲೇ ಪ್ರಶ್ನೆ ಇದೆ. ಪಟ್ಟೆ ಅಳಿಸಿಹೋಗುವುದು ಮೊದಲೋ, ಹೊಸ ಖನಿಜ ಹುಟ್ಟುವುದು ಮೊದಲೋ? ಸ್ಯಾಂಪಲ್ ತೆಗೆಯುವುದಾದರೆ ತೇಪೆಯ ಮಧ್ಯದಿಂದ ಒಂದು, ನೈಸಿನಿಂದ ಒಂದು ಎಂದು ಎರಡು ತೆಗೆದರೆ ಸಾಲದು, ಆ ಪಟ್ಟಿಯನ್ನು ಅಡ್ಡಲಾಗಿ ಹಾದುಹೋಗುವಂತೆ ತೆಗೆಯಬೇಕು ಎಂದು ಯಾರೂ ಹೇಳದೆಯೇ ಎಲ್ಲರಿಗೂ ಗೊತ್ತಾಗುತ್ತದೆ.

ಸುತ್ತಿಗೆಯ ಸರದಿ

ಸ್ಯಾಂಪಲ್ ಬೇಡ ಎಂದು ನಾನು ಹೇಳುತ್ತಿಲ್ಲ. ತೆಳುಛೇದಕ್ಕೆ ಮುಷ್ಟಿಯಷ್ಟು ಕಲ್ಲು ಸಾಕು, ಅದನ್ನು 0.03 ಮಿಲಿಮೀಟರಿಗೆ ತೇಯ್ದು ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ರಾಸಾಯನಿಕ ವಿಶ್ಲೇಷಣೆಗೆ ಒಂದೆರಡು ಕೆಜಿ, ಜಿರ್ಕಾನ್ ಬೇಕಿದ್ದರೆ ಇನ್ನೂ ಹೆಚ್ಚು. ಇವೆಲ್ಲ ಸಂಶೋಧನೆಗೆ ಅನುಮತಿ ಪಡೆದು, ಬೇರೆ ದಿನ ಬಂದು ಮಾಡುವ ಕೆಲಸ. ಫೀಲ್ಡ್ ಟ್ರಿಪ್ಪಿನ ಸುತ್ತಿಗೆ ಹಾಗಲ್ಲ. ನೆನಪಿಗೆ ಒಂದು ಚಕ್ಕೆ ಎಂದು ನಲವತ್ತು ಜನ ಒಡೆದರೆ ಒಂದು ಬಸ್ಸಿಗೆ ನಲವತ್ತು ಗಾಯ. ಒಡೆಯುವುದು ಯಾವಾಗಲೂ ಅತಿ ಚೆನ್ನಾಗಿ ಕಾಣುವ ಜಾಗದಲ್ಲೇ, ಗಡಿ ಇರುವ ಕಡೆಯೇ, ಕೈಗೆ ಸಿಗುವ ಮೂಲೆಯಲ್ಲೇ. ಮನೆಗೆ ಹೋದ ಚಕ್ಕೆ ಎರಡು ವರ್ಷ ಕಪಾಟಿನಲ್ಲಿದ್ದು ಹೆಸರಿಲ್ಲದ ಕಲ್ಲಾಗುತ್ತದೆ. ಬಂಡೆಯ ಮೇಲಿನ ಗಾಯ ಮಾತ್ರ ಹಾಗೇ ಉಳಿಯುತ್ತದೆ.

ಇದು ಬರೀ ಅಂದಚಂದದ ಮಾತಲ್ಲ. ನಮ್ಮ ವಿಜ್ಞಾನದಲ್ಲಿ ಪ್ರಯೋಗವನ್ನು ಮತ್ತೆ ಮಾಡಿ ನೋಡುವುದೆಂದರೆ ಅದೇ ಜಾಗಕ್ಕೆ ಮತ್ತೆ ಹೋಗಿ ನಿಲ್ಲುವುದು. 1960ರಲ್ಲಿ ಪಿಚ್ಚಮುತ್ತು ನೋಡಿದ್ದನ್ನು 1982ರವರು ಹೋಗಿ ನೋಡಿದ್ದರಿಂದ ಒಪ್ಪಲೂ ಸಾಧ್ಯವಾಯಿತು, ಆಮೇಲಿನವರಿಗೆ ಅವರ ಜೊತೆ ಜಗಳವಾಡಲೂ ಸಾಧ್ಯವಾಯಿತು. ಬಂಡೆ ಹೋದರೆ ಉಳಿಯುವುದು ಹೇಳಿಕೆ ಮಾತ್ರ, ಅದನ್ನು ನಂಬಬೇಕು ಇಲ್ಲ ಬಿಡಬೇಕು, ಪರೀಕ್ಷಿಸುವ ಹಾಗಿಲ್ಲ. ಭೂಪರಂಪರೆಯ ತಾಣಗಳ ರಕ್ಷಣೆಗೆ ಮಸೂದೆಯೊಂದರ ಕರಡನ್ನು ಕೇಂದ್ರ ಸರ್ಕಾರ 2022ರಲ್ಲಿ ಹೊರತಂದಿತ್ತು. ಕಾನೂನಿನ ದಾರಿ ಕಾನೂನಿಗೆ ಇರಲಿ, ಬಸ್ಸಿನೊಳಗಿನ ನಿಯಮವನ್ನು ಬಸ್ಸಿನವರೇ ಮಾಡಿಕೊಳ್ಳಬಹುದು. ಒಂದು ಸ್ಟಾಪಿಗೆ ಒಂದೇ ಸುತ್ತಿಗೆ, ಅದು ಲೀಡರ್ ಕೈಯಲ್ಲಿ. ಕ್ವಾರಿಯಾದರೆ ಕೆಳಗೆ ಬಿದ್ದಿರುವ ರಾಶಿಯಿಂದಲೇ ಒಂದು ಕಲ್ಲು ಆರಿಸಿ ಒಡೆಯುವುದು, ಒಡೆಯುವಾಗ ಕನ್ನಡಕ ಹಾಕುವುದು, ಉಳಿದವರು ಐದು ಮೀಟರ್ ದೂರ ನಿಲ್ಲುವುದು, ಹೊಸದಾಗಿ ಒಡೆದ ಮೈಯನ್ನು ಕೈಯಿಂದ ಕೈಗೆ ದಾಟಿಸುವುದು. ಒಂದು ಸುತ್ತಿಗೆಯ ತಲೆಗೆ ಇನ್ನೊಂದು ಸುತ್ತಿಗೆಯಿಂದ ಹೊಡೆಯಲೇಬಾರದು. ಗಟ್ಟಿ ಉಕ್ಕಿಗೆ ಗಟ್ಟಿ ಉಕ್ಕು ತಾಗಿದರೆ ಸಿಡಿಯುವ ಚೂರು ಕಣ್ಣಿಗೇ ಬರುತ್ತದೆ.

ಅನುಮತಿ ಇದ್ದು ಸ್ಯಾಂಪಲ್ ತೆಗೆಯುವ ದಿನವೂ ಕ್ರಮ ಒಂದಿದೆ. ಒಡೆಯುವ ಮೊದಲೇ ಬಂಡೆಯ ಮೇಲಿನ ಸಮತಟ್ಟಾದ ಮೈಗೆ ಸ್ಟ್ರೈಕ್ ಗೆರೆ, ಡಿಪ್ (ಪದರ ಇಳಿಯುವ ಕಡೆ) ತೋರಿಸುವ ಬಾಣ ಬರೆದು ಫೋಟೋ ತೆಗೆಯಬೇಕು. ಒಡೆದ ಮೇಲೆ ಅದು ಯಾವ ಕಡೆ ಮುಖ ಮಾಡಿತ್ತು ಎಂದು ಯಾರಿಗೂ ನೆನಪಿರುವುದಿಲ್ಲ. ಸ್ಯಾಂಪಲ್ ಸಂಖ್ಯೆಯನ್ನು ಕಲ್ಲಿನ ಮೇಲೊಮ್ಮೆ ಮಾರ್ಕರಿನಿಂದ, ಚೀಲದ ಮೇಲೊಮ್ಮೆ, ನೋಟ್‌ಬುಕ್ಕಿನಲ್ಲೊಮ್ಮೆ ಬರೆಯಬೇಕು. ಚೀಲದ ಮೇಲಿನದು ಜೀಪಿನಲ್ಲಿ ಉಜ್ಜಿಹೋಗುತ್ತದೆ, ಕಲ್ಲಿನ ಮೇಲಿನದು ಪ್ರಯೋಗಾಲಯದಲ್ಲಿ ಪುಡಿಯಾಗುತ್ತದೆ. ಮೂರರಲ್ಲಿ ಒಂದಾದರೂ ಉಳಿಯಬೇಕು.

ಕಬ್ಬಾಳಿನಂಥ ಕಡೆಯಿಂದ ಹೊರಡುವ ಮುಂಚೆ ಮಾಡಬೇಕಾದ ಕೊನೆಯ ಕೆಲಸ ಸೀಮೆಸುಣ್ಣ ತೊಳೆಯುವುದು. ಮುಂದಿನ ಮಳೆ ಅದನ್ನು ತೊಳೆಯುತ್ತದೆ ನಿಜ, ಆದರೆ ನಾಳೆ ಬರುವವರು ನಮ್ಮ ಗೆರೆಗಳನ್ನು ಕಾಣದೆ ತಮ್ಮದೇ ಗೆರೆ ಎಳೆಯುವಂತಿರಬೇಕು. ಬಸ್ಸಿನ ಹಾರ್ನ್ ಕೇಳುತ್ತಿರುತ್ತದೆ. ಬಾಟಲಿಗಳಲ್ಲಿ ಉಳಿದ ನೀರನ್ನೆಲ್ಲ ಮೇಲಿನಿಂದ ಸುರಿದು ಅಂಗೈಯಿಂದ ಉಜ್ಜಿದರೆ ಬಿಳಿ ಗೆರೆ, ಹಳದಿ ಗೆರೆ ಕರಗಿ ಕೆಳಗಿಳಿಯುತ್ತವೆ. ಇಡೀ ಮೈ ಒದ್ದೆಯಾದಾಗ ಬೂದು ಪಟ್ಟೆಗಳು ಕಪ್ಪಾಗಿ, ಜಿಡ್ಡಿನ ತೇಪೆ ಕಡುಹಸಿರಾಗಿ, ಒಣಗಿದ್ದಾಗ ಯಾರ ಕಣ್ಣಿಗೂ ಬೀಳದ ಕಂದು ಎಳೆಯೊಂದು ತೇಪೆಯಿಂದ ಹೊರಟು ನೈಸಿನೊಳಗೆ ಒಂದು ಮೊಳ ದೂರ ಹೋಗಿರುವುದು ಕಾಣುತ್ತದೆ. ಎರಡು ಗೆರೆಗಳಲ್ಲಿ ಯಾವುದೂ ಅದನ್ನು ಒಳಗೆ ಸೇರಿಸಿಕೊಂಡಿರಲಿಲ್ಲ. ಬಸ್ಸಿನ ಕಡೆ ಹೊರಟವರು ತಿರುಗಿ ಬರುತ್ತಾರೆ, ಚೀಲದೊಳಗೆ ಹೋದ ಲೆನ್ಸುಗಳು ಮತ್ತೆ ಹೊರಬರುತ್ತವೆ. ಬಿಸಿ ಬಂಡೆಯ ಮೇಲಿನ ನೀರು ಆರುವುದಕ್ಕೆ ಇನ್ನು ಎರಡು ಮೂರು ನಿಮಿಷವಿದೆ.